ಅಪ್ಪನ ಮಂಚದ ಮೇಲೆ ಮಲಗಿದವಳು

ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಹುಳುಗಳಿಗೇ ಒಳ್ಳೆಯ ಕೋಣೆ ಇತ್ತು. ದಿಬ್ಬೂರಹಳ್ಳಿಯ ರಸ್ತೆ ಬಿಟ್ಟು ಸ್ವಲ್ಪ ಒಳಗೆ, ಬಂಡೆಗುಡ್ಡದ ಬುಡದಲ್ಲಿ ಹಿಪ್ಪುನೇರಳೆ ತೋಟ, ತೋಟದ ತುದಿಗೆ ಮನೆ. ಹೆಂಚು ಹೊದಿಸಿದ, ಸುಣ್ಣ ಬಳಿದ, ನೊಣ ನುಗ್ಗದಂತೆ ಕಿಟಕಿಗಳಿಗೆ ಬಲೆ ಬಿಗಿದ ದೊಡ್ಡ ಕೋಣೆ ರೇಷ್ಮೆಹುಳುಗಳದ್ದು. ಅಪ್ಪ, ಅಮ್ಮ, ಅವ್ವ ಮತ್ತು ನಾನು ನಡುಮನೆಯಲ್ಲೂ ಅಡುಗೆಮನೆಯಲ್ಲೂ ಹೊಂದಿಕೊಂಡಿದ್ದೆವು. ಅವ್ವ ಎಂದರೆ ಅಜ್ಜಿ. ನಮ್ಮ ಮನೆಮಾತಿನಲ್ಲಿ ಅರ್ಧಕ್ಕರ್ಧ ತೆಲುಗು. ಆಕೆ ಅಪ್ಪನನ್ನು ಹೆತ್ತವಳಲ್ಲ. ಹೆತ್ತವಳು ಲೂರ್ದಮ್ಮ, ಅಪ್ಪ ಇನ್ನೂ ಚಿಕ್ಕ ಹುಡುಗನಾಗಿದ್ದಾಗಲೇ ತೀರಿಕೊಂಡಳು ಎಂದು ನನಗೆ ಹೇಳಿದ್ದರು. ಅವಳ ತಂಗಿ ಆರೋಗ್ಯಮ್ಮ ಅಕ್ಕನ ಗಂಡನನ್ನೇ ಮದುವೆಯಾಗಿ, ಅಕ್ಕನ ಮಗನನ್ನು ತನ್ನ ಮಗನಂತೆ ಸಾಕಿ, ಗಂಡ ಸತ್ತ ಮೇಲೂ ಆ ಮನೆಯ ಯಜಮಾನಿಯಾಗಿ ಉಳಿದಳು. ಅವಳೇ ನನ್ನ ಅವ್ವ. ಅಪ್ಪ ಅವಳನ್ನು ಅಮ್ಮ ಎಂದೇ ಕರೆಯುತ್ತಿದ್ದ. ಅವಳಿಗೆ ಬೇರೆ ಮಕ್ಕಳಾಗಲಿಲ್ಲ.

ಹುಳುವಿನ ಮನೆಯ ಕಾನೂನು ಅವ್ವನದು. ಕಾಲು ತೊಳೆಯದೆ ಹೊಸ್ತಿಲು ದಾಟುವಂತಿಲ್ಲ. ಹುಳು ಇರುವಷ್ಟು ದಿನ ಮನೆಯಲ್ಲಿ ಒಗ್ಗರಣೆಯ ಘಾಟು ಏಳುವಂತಿಲ್ಲ, ತಲೆಗೆ ಹೂವಿಲ್ಲ, ಸಾಂಬ್ರಾಣಿ ಇಲ್ಲ. ಹೊರಗಿನವರ ನೆರಳೂ ಬೀಳುವಂತಿಲ್ಲ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮೊದಲು ಮೇವು ಮುಟ್ಟದೆ, ತಲೆ ಎತ್ತಿ, ಕಲ್ಲಾದಂತೆ ನಿಂತುಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳುಗಳಿಗೆ ಜ್ವರ ಬಂದ ದಿನ ಮನೆಯಲ್ಲಿ ಜೋರಾಗಿ ಮಾತಾಡಬಾರದು. ಮೇಯುವ ಸದ್ದು ಹಗಲಿರುಳು ಕಿವಿಯಲ್ಲಿ ತುಂಬಿಕೊಂಡಿದ್ದವರಿಗೆ ಆ ಸದ್ದು ಇದ್ದಕ್ಕಿದ್ದಂತೆ ನಿಂತಾಗ ಏನೋ ಕಳೆದುಹೋದ ಹಾಗಾಗುತ್ತಿತ್ತು. ತಟ್ಟೆ ತಟ್ಟೆಗಳ ತುಂಬ ಬೆಳ್ಳಗಿನ ತಲೆಗಳು ಒಂದೇ ಕಡೆಗೆ ಎದ್ದು ನಿಂತಿರುವುದನ್ನು ನಾನು ಬಾಗಿಲ ಸಂದಿನಿಂದ ನೋಡುತ್ತಿದ್ದೆ. ನಮ್ಮ ಚರ್ಚಿನಲ್ಲಿ ಪೂಜೆಯ ನಡುವೆ ಗಂಟೆ ಬಾರಿಸಿದಾಗ ಜನ ಹೀಗೇ ನಿಲ್ಲುತ್ತಿದ್ದರು. ಯಾರನ್ನೋ ಕಾಯುವ ಹಾಗೆ.

ನಡುಮನೆಯ ಕಾನೂನು ಅಮ್ಮನದು. ಅಮ್ಮ ತಾಯಿತಂದೆ ಇಲ್ಲದೆ ಚಿಕ್ಕಬಳ್ಳಾಪುರದಲ್ಲಿ ಕನ್ಯಾಸ್ತ್ರೀಯರ ಹಾಸ್ಟೆಲ್ಲಿನಲ್ಲಿ ಬೆಳೆದವಳು. ಮದುವೆಯಾಗಿ ಬರುವಾಗ ಅಲ್ಲಿಂದ ತಂದದ್ದು ಒಂದು ಟ್ರಂಕು, ಒಂದು ಜಪಸರ, ಕಟ್ಟು ಹಾಕಿಸಿದ ಒಂದು ಪಟ. ಪಟದಲ್ಲಿ ಕಿರೀಟ ತೊಟ್ಟ ಚಿಕ್ಕ ವಯಸ್ಸಿನ ಹೆಂಗಸೊಬ್ಬಳು ಮಡಿಲ ತುಂಬ ಗುಲಾಬಿ ಹಿಡಿದು ನಿಂತಿದ್ದಳು. ಸಂತಳಾದ ಆ ರಾಣಿಯ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ. ಹಾಗಾಗಿ ಮನೆಯಲ್ಲಿ ಎಲ್ಲರಿಗೂ ಆಕೆ ರಾಣಿಯಮ್ಮ. ಅಮ್ಮ ಅಡುಗೆಗೆ ಅಕ್ಕಿ ಹಾಕುವ ಮೊದಲು ಒಂದು ಹಿಡಿ ತೆಗೆದು ಪಟದ ಕೆಳಗಿದ್ದ ಮಡಕೆಗೆ ಸುರಿಯುತ್ತಿದ್ದಳು. ಅದು ಬಡವರ ಪಾಲು. ಬಾಗಿಲಿಗೆ ಬಂದವರಿಗೆಲ್ಲ ಆ ಮಡಕೆಯಿಂದ ಅಕ್ಕಿ ಹೋಗುತ್ತಿತ್ತು. ನನಗೆ ಹೊಲಿಸಿದ ಹೊಸ ಲಂಗ ಒಮ್ಮೆ ಮೈಮೇಲೆ ಬರುವ ಮೊದಲೇ ಹೋಯಿತು.

ಸೊಪ್ಪು ಹೆಚ್ಚುತ್ತಾ ಅಮ್ಮ ರಾಣಿಯಮ್ಮನ ಕತೆ ಹೇಳುತ್ತಿದ್ದಳು. ರಾಣಿಯಮ್ಮ ರಾಜನ ಮಗಳು, ರಾಜನ ಹೆಂಡತಿ. ಬರ ಬಂದಾಗ ಅರಮನೆಯ ಕಣಜ ತೆಗೆದು ಬಡವರಿಗೆ ಹಂಚಿದಳು. ಕದ್ದು ರೊಟ್ಟಿ ಒಯ್ಯುತ್ತಿದ್ದಾಗ ತಡೆದು ಮಡಿಲು ಬಿಡಿಸಿ ನೋಡಿದರೆ ರೊಟ್ಟಿಯೆಲ್ಲ ಗುಲಾಬಿಯಾಗಿತ್ತು. ಗಂಡ ಯುದ್ಧಕ್ಕೆ ಹೋಗಿ ಸತ್ತ ಮೇಲೆ ಅವನ ಕಡೆಯವರು ಅವಳನ್ನು ಎಳೆಮಕ್ಕಳ ಸಮೇತ ಹೊರಗೆ ಹಾಕಿದರು. ಹಂದಿ ಕಟ್ಟುವ ಕೊಟ್ಟಿಗೆಯಲ್ಲಿ ಮಲಗಿದಳು. ಆಮೇಲೆ ತನ್ನ ಪಾಲಿಗೆ ಬಂದದ್ದರಲ್ಲಿ ಬಡವರಿಗೆ ಆಸ್ಪತ್ರೆ ಕಟ್ಟಿ, ಯಾರೂ ಮುಟ್ಟದವರ ಹುಣ್ಣು ತೊಳೆಯುತ್ತಾ, ಇನ್ನೂ ಹರೆಯದಲ್ಲೇ ಸತ್ತಳು. ಇಷ್ಟನ್ನು ಅಮ್ಮ ಎಲ್ಲರೂ ಹೇಳುವ ಹಾಗೆ ಹೇಳುತ್ತಿದ್ದಳು. ಒಂದು ಭಾಗ ಬಂದಾಗ ಮಾತ್ರ ಕುಡುಗೋಲು ನಿಲ್ಲಿಸಿ ದನಿ ತಗ್ಗಿಸುತ್ತಿದ್ದಳು. ಒಂದು ದಿನ ರಾಜ ಬೇಟೆಗೆ ಹೋಗಿದ್ದಾಗ ರಾಣಿಯಮ್ಮ ಮೈಯೆಲ್ಲ ಕೊಳೆತ ಕುಷ್ಠರೋಗಿಯೊಬ್ಬನನ್ನು ತಂದು, ಮೀಯಿಸಿ, ಗಂಡನ ಮಂಚದ ಮೇಲೆ ಮಲಗಿಸಿದಳು. ಅತ್ತೆ ಓಡಿಹೋಗಿ ಮಗನಿಗೆ ಚಾಡಿ ಹೇಳಿದಳು. ರಾಜ ಕತ್ತಿ ಹಿರಿದುಕೊಂಡು ಬಂದು ಹೊದಿಕೆ ಎಳೆದ. ಮಂಚದ ಮೇಲೆ ಶಿಲುಬೆಯ ಸ್ವಾಮಿಯೇ ಮಲಗಿದ್ದರು. ಕೈಕಾಲಿನ ಗಾಯದಿಂದ ರಕ್ತ ಇನ್ನೂ ಒಸರುತ್ತಿತ್ತು.

ಆ ಕತೆಗೆ ನಾನು ಹೆದರುತ್ತಿದ್ದೆ. ನಡುಮನೆಯಲ್ಲಿದ್ದ ಅಪ್ಪನ ಮಂಚದ ಮೇಲೆ ಕಂಬಳಿ ಸ್ವಲ್ಪ ಉಬ್ಬಿದ್ದರೂ ನಾನು ಗೋಡೆ ಹಿಡಿದು ಆ ಕಡೆಯಿಂದ ಹಾದುಹೋಗುತ್ತಿದ್ದೆ. ಅವ್ವ ಮಾತ್ರ ಸುಮ್ಮನೆ ಕೂರುತ್ತಿರಲಿಲ್ಲ.

"ಯಾವಾಗ ನೋಡಿದ್ರೂ ಆ ಅತ್ತೇನೇ ಕೆಟ್ಟೋಳು. ಮನೇಲಿ ಮಕ್ಕಳು ಮರಿ ಇದ್ವು, ಅವಳಿಗೂ ಭಯ ಇರಲ್ವಾ?"

"ಭಯ ಇರ್ಬೋದು ಅತ್ತೆ. ಕರುಣೇನೂ ಇರ್ಬೇಕಲ್ಲ?" ಎಂದು ಅಮ್ಮ ತಲೆ ಎತ್ತದೆ ಹೇಳುತ್ತಿದ್ದಳು.

ಪ್ರತಿ ವರ್ಷ ನವೆಂಬರ್ ಮೊದಲಲ್ಲಿ ಬರುವ ಸತ್ತವರ ಹಬ್ಬಕ್ಕೆ ನಾವು ಚರ್ಚಿನ ಹಿಂದಿನ ಸಮಾಧಿಗಳ ಹತ್ತಿರ ಹೋಗುತ್ತಿದ್ದೆವು. ಲೂರ್ದಮ್ಮನದು ಬೇಲಿಯ ಪಕ್ಕದ ಮಣ್ಣಿನ ಸಮಾಧಿ, ಅದರ ಮೇಲೊಂದು ಮರದ ಶಿಲುಬೆ. ಅಪ್ಪ ಅದರ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂರುತ್ತಿದ್ದ. ಮೊಂಬತ್ತಿ ಹಚ್ಚುವುದು ಅವ್ವನ ಕೆಲಸ. ಅಕ್ಕಪಕ್ಕದ ಸಮಾಧಿಗಳ ಮೇಲೆ ಮೊಂಬತ್ತಿ ನೆಟ್ಟಗೆ ಉರಿಯುತ್ತಿದ್ದರೂ ಅವ್ವ ಹಚ್ಚಿದ್ದು ಆರಿಹೋಗುತ್ತಿತ್ತು. ಮತ್ತೆ ಹಚ್ಚುವಳು, ಮತ್ತೆ ಆರುವುದು. ಆ ವರ್ಷ ಅದು ಮೂರನೆಯ ಸಲ ಆರಿದಾಗ ನಾನೇ ಕಡ್ಡಿ ಗೀರಿದೆ. ಅವ್ವ ನನ್ನ ಕೈಯನ್ನು ಹೊಡೆದು ತಳ್ಳಿದಳು. ಅವಳು ನನ್ನನ್ನು ಹೊಡೆದದ್ದು ಅದೊಂದೇ ಸಲ.

ಹಬ್ಬ ಕಳೆದ ಸ್ವಲ್ಪ ದಿನಕ್ಕೆ ಬಾವಿಯ ಸುತ್ತ ಹೆಜ್ಜೆಗಳು ಕಾಣಿಸಿಕೊಂಡವು. ಬೆಳಿಗ್ಗೆ ಹಲ್ಲುಜ್ಜಲು ಹೋದಾಗ ಮೆತ್ತನೆಯ ಮಣ್ಣಿನ ಮೇಲೆ ಮೂಡಿದ್ದವು. ಹಿಮ್ಮಡಿ ಸರಿಯಾಗಿಯೇ ಇತ್ತು, ಮುಂದೆ ಬೆರಳುಗಳೇ ಇರಲಿಲ್ಲ. ಒನಕೆಯ ಬುಡ ಒತ್ತಿದ ಹಾಗೆ ದುಂಡಗೆ ಮುಗಿದಿತ್ತು. ನಮ್ಮ ತೋಟದಲ್ಲಿ ಸೊಪ್ಪು ಕೊಯ್ಯಲು ಬರುತ್ತಿದ್ದ ಮುನಿಯಮ್ಮನನ್ನು ಕರೆದು ತೋರಿಸಿದೆ. ಅವಳು ಬಗ್ಗಿ ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಇದು ಗಾಳಿ ಕಣಮ್ಮಣ್ಣಿ. ಅಂಥವಕ್ಕೆ ಬೆರಳಿರಲ್ಲ. ಯಾರ್ನೋ ಹುಡುಕ್ಕೊಂಡ್ ಬಂದದೆ."

ಮಾರನೆಯ ಬೆಳಿಗ್ಗೆ ನಾನು ಯಾವತ್ತಿಗಿಂತ ಬೇಗ ಎದ್ದೆ. ಅವ್ವ ನನಗಿಂತ ಮೊದಲೇ ಎದ್ದಿದ್ದಳು. ಮಂಜಿನಲ್ಲಿ ಬಗ್ಗಿಕೊಂಡು, ಪೊರಕೆ ಹಿಡಿದು, ಬಾವಿಯಿಂದ ತೋಟದವರೆಗೆ ಹಿಂದೆ ಹಿಂದೆ ನಡೆಯುತ್ತಾ ಗುಡಿಸುತ್ತಿದ್ದಳು. ಕಸ ಇರಲಿಲ್ಲ. ಅವಳು ಹೆಜ್ಜೆಗಳನ್ನು ಗುಡಿಸುತ್ತಿದ್ದಳು. ಮುಗಿದ ಮೇಲೆ ಬಾವಿಕಟ್ಟೆಯ ಮೂಲೆಯಲ್ಲಿ ಕವುಚಿದ್ದ ಮುತ್ತುಗದ ಎಲೆಯನ್ನು ಎತ್ತಿ ನೋಡಿ, ಸೆರಗಿನೊಳಗೆ ಸಿಕ್ಕಿಸಿಕೊಂಡಳು. ರಾತ್ರಿ ಊಟವಾದ ಮೇಲೆ ಅವಳು ಒಂದು ಮುದ್ದೆಯನ್ನು ಆ ಎಲೆಯ ಕೆಳಗೆ ಇಡುವುದನ್ನು ನಾನು ನೋಡಿದ್ದೆ, ನಾಯಿಗೆಂದುಕೊಂಡಿದ್ದೆ. ಈಗ ಅಲ್ಲಿ ಮುದ್ದೆ ಇರಲಿಲ್ಲ; ತಿಂದ ಮೇಲೆ ನಾಯಿ ಎಲೆಯನ್ನು ಮತ್ತೆ ಕವುಚಿ ಇಡುವುದಿಲ್ಲವಲ್ಲ. ನಾನು ಒಳಗೆ ಓಡಿದೆ. ಮನೆಯಲ್ಲಿ ನಾನು ಹೆಚ್ಚು ನಂಬುತ್ತಿದ್ದ ಅವ್ವನೇ ಆ ಗಾಳಿಗೆ ಊಟ ಹಾಕುತ್ತಿದ್ದಳು.

ಹುಳುಗಳು ಮೂರನೆಯ ಜ್ವರ ದಾಟಿದ್ದವು. ಒಂದು ಮಧ್ಯಾಹ್ನ ದೊಡ್ಡವರೆಲ್ಲ ಒಳಗೆ ತಟ್ಟೆ ಬದಲಾಯಿಸುತ್ತಿದ್ದಾಗ ನಾನು ಹುಣಸೆಮರದ ಕೆಳಗೆ ಬೀಜ ಆಡುತ್ತಿದ್ದೆ. ತಲೆ ಎತ್ತಿದರೆ ಹಿಪ್ಪುನೇರಳೆ ಸಾಲಿನ ನಡುವೆ ಯಾರೋ ನಿಂತಿದ್ದರು. ನೆತ್ತಿಯಿಂದ ಕಾಲಿನವರೆಗೆ ಮಾಸಿದ ಬಿಳಿಯ ದುಪ್ಪಟಿ, ಮುಖ ಕಾಣುತ್ತಿರಲಿಲ್ಲ. ಹೊರಗಿನವರ ಮೈಮೇಲೆ ಬೀಳುತ್ತಿದ್ದ ನಮ್ಮ ನಾಯಿ ಬೊಗಳಲಿಲ್ಲ; ಎದ್ದು ಹೋಗಿ ಆ ದುಪ್ಪಟಿಯ ಅಂಚಿಗೆ ಮುಖ ಇಟ್ಟು ಮಲಗಿತು.

"ಚಿನ್ನೋಡು ಇಂಟ್ಲೋ ಉನ್ನಾಡಾ, ಪಾಪಾ?"

ಚಿಕ್ಕವನು ಮನೆಯಲ್ಲಿದ್ದಾನಾ ಎಂದು ಕೇಳಿದ್ದು. ನಮ್ಮ ಮನೆಯಲ್ಲಿ ಚಿಕ್ಕ ಹುಡುಗರೇ ಇರಲಿಲ್ಲ. ಇಲ್ಲ ಎಂದು ತಲೆಯಾಡಿಸಿದೆ. ದುಪ್ಪಟಿಯೊಳಗಿನಿಂದ ನಗುವೋ ನಿಟ್ಟುಸಿರೋ ಬಂತು. ಆಮೇಲೆ ಗಿಡಗಳು ಅಲ್ಲಾಡಿದವು, ಅಲ್ಲಿ ಯಾರೂ ಇರಲಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ಹೇಳಿದೆ.

"ಅಪ್ಪಾ, ಚಿನ್ನೋಡು ಅಂದ್ರೆ ಯಾರು?"

ಅಪ್ಪನ ಕೈ ಸಾರಿನ ಬಟ್ಟಲಲ್ಲೇ ನಿಂತಿತು. "ಯಾರು ಹೇಳಿದ್ರು ನಿಂಗೆ ಆ ಹೆಸರು?"

"ತೋಟದಲ್ಲಿ ಒಬ್ರು ಬಂದಿದ್ರು. ಚಿನ್ನೋಡು ಮನೇಲಿದಾನಾ ಅಂದ್ರು."

ಅಪ್ಪ ಅವ್ವನ ಕಡೆ ನೋಡಿದ. ಅವ್ವ ಮುದ್ದೆ ಬಡಿಸುತ್ತಿದ್ದವಳು ಹಾಗೇ ಎದ್ದು, ಹೊರಗಿನ ಬಾಗಿಲ ಅಗುಳಿ ಹಾಕಿ ಬಂದು ಕೂತಳು.

"ಯಾವಳೋ ಭಿಕ್ಷುಕಿ. ಮಗು ಏನೋ ಕೇಳಿಸ್ಕೊಂಡದೆ. ಊಟ ಮಾಡೋ."

ಅಪ್ಪ ಊಟ ಮುಗಿಸಲಿಲ್ಲ. ಅದು ತನ್ನದೇ ಹೆಸರೆಂದೂ, ಸತ್ತ ತಾಯಿಯಲ್ಲದೆ ಬೇರೆ ಯಾರೂ ಹಾಗೆ ಕರೆದಿರಲಿಲ್ಲವೆಂದೂ ಅಮ್ಮನಿಗೆ ಅವನು ಹೇಳಿದ್ದು ಗೋಡೆಯ ಈಚೆ ನನಗೆ ಕೇಳಿಸಿತು. ಸತ್ತವರ ಹಬ್ಬದಲ್ಲಿ ನಾನು ಕಡ್ಡಿ ಗೀರಿದ್ದರಿಂದಲೇ ಅವಳು ಎದ್ದು ಬಂದಿದ್ದಾಳೆ ಎಂದು ನಾನು ತೀರ್ಮಾನಿಸಿದೆ.

ನಾಲ್ಕನೆಯ ಜ್ವರದ ದಿನ ಅಪ್ಪ ಶಿಡ್ಲಘಟ್ಟಕ್ಕೆ ಹೋದ. ಮೇವು ಮುಗಿಸಿ ಹಣ್ಣಾದ ಹುಳು ಗೂಡು ಕಟ್ಟಲು ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗಳು ಬೇಕಿದ್ದವು. ಮನೆ ನಿಶ್ಶಬ್ದವಾಗಿತ್ತು. ಅಮ್ಮ ನನ್ನನ್ನು ಕರೆದುಕೊಂಡು ಸೊಪ್ಪಿನ ಕೋಣೆಗೆ ಹೋದಳು. ಕೊಯ್ದ ಸೊಪ್ಪು ಬಾಡದಂತೆ ರಾಶಿ ಹಾಕಿ, ಮೇಲೆ ಒದ್ದೆ ಗೋಣಿತಾಟು ಹೊದಿಸಿಡುವ ಕತ್ತಲೆ ಕೋಣೆ ಅದು. ಒಳಗೆ ಕಾಲಿಟ್ಟ ಕೂಡಲೇ ಅಮ್ಮ ನಿಂತಳು. ರಾಶಿ ಉಸಿರಾಡುತ್ತಿತ್ತು. ಗೋಣಿತಾಟು ಮೆಲ್ಲಗೆ ಏಳುತ್ತಿತ್ತು, ಇಳಿಯುತ್ತಿತ್ತು. ನಾನು ಕಿರುಚಲು ಬಾಯಿ ತೆರೆದೆ. ಅಮ್ಮ ನನ್ನ ಬಾಯಿ ಮುಚ್ಚಿ, ಇನ್ನೊಂದು ಕೈಯಿಂದ ತಾಟು ಎಳೆದಳು.

ಸೊಪ್ಪಿನೊಳಗೆ ಮುದುಕಿಯೊಬ್ಬಳು ಹುದುಗಿಕೊಂಡು ಮಲಗಿದ್ದಳು. ಹುಬ್ಬಿನಲ್ಲಿ ಕೂದಲಿಲ್ಲ, ಮೂಗು ಕುಸಿದಿತ್ತು. ಕೈಗಳಲ್ಲಿ ಬೆರಳುಗಳ ಬದಲು ಮೊಂಡುಗಳಿದ್ದವು. ಪಾದ ನೋಡಿದ ಕೂಡಲೇ ಬಾವಿಯ ಹತ್ತಿರದ ಹೆಜ್ಜೆಗಳು ಯಾರವೆಂದು ಗೊತ್ತಾಯಿತು. ಮೈ ಕೆಂಡದಂತೆ ಸುಡುತ್ತಿತ್ತು. ತಂಪಿಗೆಂದು ಆ ರಾಶಿಯೊಳಗೆ ಸೇರಿಕೊಂಡಿದ್ದಳು. ಅಮ್ಮನ ಮುಖ ನೋಡಿ ನನಗೆ ಇನ್ನೂ ಹೆದರಿಕೆಯಾಯಿತು. ಅಮ್ಮನ ಮುಖದಲ್ಲಿ ಸಂತೋಷವಿತ್ತು. ಎಷ್ಟೋ ವರ್ಷದಿಂದ ಕಾಯುತ್ತಿದ್ದ ನೆಂಟರು ಕೊನೆಗೂ ಬಂದರೆಂಬ ಸಂತೋಷ. ಮಗುವನ್ನು ಎತ್ತಿದಂತೆ ಮುದುಕಿಯನ್ನು ಎತ್ತಿಕೊಂಡು ನಡುಮನೆಗೆ ತಂದು, ಮೈ ಒರೆಸಿ, ಅಪ್ಪನ ಮಂಚದ ಮೇಲೆ ಮಲಗಿಸಿ, ಅಪ್ಪನ ಕಂಬಳಿ ಹೊದಿಸಿದಳು.

ಅವ್ವ ಹುಳುವಿನ ಮನೆಯಿಂದ ಬಂದವಳು ಹೊಸ್ತಿಲಲ್ಲೇ ನಿಂತಳು.

"ಎತ್ತಾಚೆ ಹಾಕು ಅವಳ್ನ."

"ಅತ್ತೆ, ಸಾಯ್ತಾ ಇದಾರೆ."

"ದೊಡ್ಡ ರೋಗ ಅದು! ಹುಳು ಜ್ವರದಲ್ಲದೆ. ನಾಳೆ ಈ ಮಗೂಗೆ ಗಂಡು ಯಾರು ಕೊಡ್ತಾರೆ? ಆಚೆ ಹಾಕು ಅಂದ್ನಲ್ಲ!"

"ಇದು ಅಂಟೋ ಹಂತ ದಾಟಿದೆ ಅತ್ತೆ. ಹಾಸ್ಟೆಲ್‌ನಲ್ಲಿ ಸಿಸ್ಟರ್‌ಗಳ ಹತ್ರ ಬರ್ತಿದ್ದೋರ್ನ ನೋಡಿದೀನಿ ನಾನು. ನಾನಂತೂ ಹಾಕಲ್ಲ. ಬೇಕಾದ್ರೆ ನೀವೇ ಎತ್ತಿ ಹಾಕಿ."

ಅವ್ವ ಒಂದು ಹೆಜ್ಜೆ ಮುಂದಿಟ್ಟಳು. ಕಂಬಳಿಯೊಳಗಿನಿಂದ ಒಂದು ಶಬ್ದ ಬಂತು, ಮಾತೋ ನರಳಿಕೆಯೋ ತಿಳಿಯಲಿಲ್ಲ. ಅವ್ವ ತಿರುಗಿ ಹೊರಗೆ ಓಡಿದಳು. ಚಪ್ಪಲಿಯೂ ಇಲ್ಲದೆ ರಸ್ತೆಯವರೆಗೂ ಹೋಗಿ ಅಪ್ಪ ಬರುವ ಬಸ್ಸಿಗೆ ಕಾದು ನಿಂತಳೆಂದು ಆಮೇಲೆ ತಿಳಿಯಿತು. ರಾಣಿಯಮ್ಮನ ಅತ್ತೆ ಮಾಡಿದ್ದೂ ಅದನ್ನೇ ತಾನೇ. ನಾನು ಪಟದ ಕೆಳಗೆ ಅಕ್ಕಿಯ ಮಡಕೆ ತಬ್ಬಿಕೊಂಡು ಕೂತೆ. ಮುಂದೇನಾಗುತ್ತದೆಂದು ನನಗೆ ಗೊತ್ತಿತ್ತು. ಅಪ್ಪ ಬಂದು ಕಂಬಳಿ ಎಳೆಯುತ್ತಾನೆ, ಅಲ್ಲಿ ರಕ್ತ ಸುರಿಯುವ ಸ್ವಾಮಿ ಇರುತ್ತಾರೆ. ಅದನ್ನು ನೋಡಬಾರದೆಂದು ಕಣ್ಣು ಮುಚ್ಚಿಕೊಂಡೆ, ಮತ್ತೆ ತೆರೆದೆ.

ಬಿಸಿಲು ಇಳಿಯುವ ಹೊತ್ತಿಗೆ ಅಪ್ಪ ಬಂದ. ಅವ್ವ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು. ಅಪ್ಪ ಅಮ್ಮನ ಕಡೆ ನೋಡದೆ ನೇರವಾಗಿ ಮಂಚದ ಹತ್ತಿರ ಹೋಗಿ ಕಂಬಳಿಯ ತುದಿ ಹಿಡಿದು ಎತ್ತಿದ. ಮುದುಕಿ ರೆಪ್ಪೆ ಮುಚ್ಚಲಾರದ ಕಣ್ಣಿನಿಂದ ಅವನನ್ನೇ ನೋಡಿದಳು.

"ಚಿನ್ನೋಡಾ," ಎಂದಳು.

ಕಂಬಳಿ ಹಿಡಿದ ಅಪ್ಪನ ಕೈ ಮೇಲೆಯೇ ನಿಂತುಬಿಟ್ಟಿತು.

"ಯಾರಿದು?"

"ಗೊತ್ತಿಲ್ಲ ಕಣ್ರೀ. ಸೊಪ್ಪಿನ ಕೋಣೇಲಿ ಬಿದ್ದಿದ್ರು," ಎಂದಳು ಅಮ್ಮ.

"ನಿನ್ನ ಕೇಳಲಿಲ್ಲ. ಅಮ್ಮಾ, ಯಾರಿದು?"

ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ಮೆಲ್ಲಗೆ ಜಾರಿ ಹೊಸ್ತಿಲ ಮೇಲೆ ಕೂತಳು. ಆ ಮನೆಯಲ್ಲಿ ಹೊಸ್ತಿಲ ಮೇಲೆ ಯಾರೂ ಕೂರಬಾರದೆಂದು ಕಾನೂನು ಮಾಡಿದವಳು ಅವಳೇ.

"ನಮ್ಮಕ್ಕ ಕಣೋ."

ಅಮ್ಮ ಗೋಡೆಗೆ ಒರಗಿದಳು. ಅವಳ ಮುಖದಲ್ಲಿದ್ದ ಸಂತೋಷ ಆರುವುದನ್ನು ನಾನು ಕಂಡೆ. ಆಗ ಅದು ಗಾಬರಿ ಎಂದುಕೊಂಡಿದ್ದೆ. ಈಗ ನನಗೆ ಬೇರೆ ಅನಿಸುತ್ತದೆ. ಯಾರೆಂದು ತಿಳಿಯದವಳೆಂದು, ದೇವರೇ ಕಳಿಸಿದ ಬಡವಳೆಂದು ಅಮ್ಮ ತಂದು ಮಲಗಿಸಿದ್ದಳು, ಅವಳು ಅತ್ತೆಯಾಗಿದ್ದಳು. ಅತ್ತೆಗೆ ಮಾಡುವುದು ಸೊಸೆಯ ಕೆಲಸ, ಅದಕ್ಕೆ ಗುಲಾಬಿ ಅರಳುವುದಿಲ್ಲ.

ಅವ್ವ ಆ ರಾತ್ರಿ ಎಲ್ಲವನ್ನೂ ಹೇಳಿದಳು. ಅಕ್ಕನ ಕೆನ್ನೆಯ ಮೇಲೆ ಮಚ್ಚೆ ಮೂಡಿದಾಗ ತಾತ, ಅಂದರೆ ಅವಳ ಗಂಡ, ಯಾರಿಗೂ ಹೇಳದೆ ಗಾಡಿ ಕಟ್ಟಿ, ಗಡಿಯಾಚೆ ಆಂಧ್ರದಲ್ಲಿ ಇಂಥವರನ್ನು ಇಟ್ಟುಕೊಳ್ಳುತ್ತಿದ್ದ ಆಶ್ರಮಕ್ಕೆ ಬಿಟ್ಟು ಬಂದರು. ಊರಿಗೆ ಬಂದು ದಾರಿಯಲ್ಲಿ ವಾಂತಿಭೇದಿಯಾಗಿ ಸತ್ತಳೆಂದು ಹೇಳಿ, ಮುಚ್ಚಿದ ಪೆಟ್ಟಿಗೆಯನ್ನು ಹೂಳಿಸಿದರು. ರೋಗದ ಸುದ್ದಿ ಹರಡಿದ್ದರೆ ಮಗುವಿಗೂ ಊರಲ್ಲಿ ನೀರು ಹುಟ್ಟುತ್ತಿರಲಿಲ್ಲ.

"ಗಾಡೀಲಿ ನಾನೂ ಇದ್ದೆ," ಎಂದಳು ಅವ್ವ. "ಗೇಟಿನ ತನಕ ಕೈ ಹಿಡ್ಕೊಂಡಿದ್ದೆ. ನಿನ್ನ ಮಗನ್ನ ನಾನು ನೋಡ್ಕೋತೀನಿ, ನೀನು ಬರಬೇಡ ಅಕ್ಕ ಅಂದೆ. ಬರಲ್ಲ ಅಂದ್ಳು. ಇಷ್ಟು ವರ್ಷ ಬರ್ಲಿಲ್ಲ."

"ಈಗ ಯಾಕೆ ಬಂದ್ರು?" ಅಪ್ಪ ಕೇಳಿದ.

ಮಂಚದ ಮೇಲಿಂದ ಲೂರ್ದಮ್ಮನೇ ಹೇಳಿದಳು. ಕಣ್ಣು ಮಂಜಾಗುತ್ತಾ ಬಂದಿತ್ತಂತೆ. ಪೂರ್ತಿ ಹೋಗುವ ಮೊದಲು ಒಂದು ಸಲ ಮಗನನ್ನು ನೋಡಿ ಹೊರಟುಹೋಗಬೇಕೆಂದು ಬಂದಳಂತೆ. ಬಂಡೆಯ ಸಂದಿನಲ್ಲಿ ಇದ್ದಳು. ತಂಗಿ ಮುದ್ದೆ ಇಡುತ್ತಿದ್ದಳು, ಹೊರಡು ಹೊರಡು ಎಂದು ಅಳುತ್ತಿದ್ದಳು. ಅಷ್ಟರಲ್ಲಿ ಜ್ವರ ಹಿಡಿಯಿತು.

"ಉಸಿರಾಡೋಳಿಗೆ ವರ್ಷಾ ವರ್ಷಾ ಮೊಂಬತ್ತಿ ಹಚ್ಚಿದೆ," ಎಂದಳು ಅವ್ವ. ಅವಳು ನಮ್ಮಲ್ಲಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ. "ಆರಿಹೋಗ್ತಿತ್ತು. ನೀವೆಲ್ಲ ಗಾಳಿ ಅಂತಿದ್ರಿ. ನಂಗೆ ಗೊತ್ತಿತ್ತು."

ಬೆಳಿಗ್ಗೆ ಅಮ್ಮ ಬಿಸಿನೀರು, ಬಟ್ಟೆ ತಂದು ಪಾದದ ಹುಣ್ಣು ತೊಳೆಯಲು ಕೂತಳು. ಅವ್ವ ಬಂದು ಅವಳ ಕೈಯಿಂದ ಬೋಗುಣಿ ತೆಗೆದುಕೊಂಡಳು.

"ಬಿಡು. ಇದು ನಿನ್ನ ರಾಣಿಯಮ್ಮನ ಕೆಲಸ ಅಲ್ಲ. ನನ್ನ ಕೆಲಸ."

ಅಲ್ಲಿಂದ ಮುಂದೆ ಅವ್ವ ಬೇರೆ ಯಾರನ್ನೂ ಮುಟ್ಟಗೊಡಲಿಲ್ಲ. ಶಿಡ್ಲಘಟ್ಟದಿಂದ ಅಪ್ಪ ಕರೆತಂದ ಡಾಕ್ಟರು ರೋಗ ಎಂದೋ ವಾಸಿಯಾಗಿದೆ, ಅಂಟುವುದಿಲ್ಲ, ಆದರೆ ನಂಜು ಮೈಯೆಲ್ಲ ಏರಿದೆ ಎಂದು ಹೇಳಿಹೋದರು. ಊರು ಅದನ್ನು ನಂಬಲಿಲ್ಲ. ಮುನಿಯಮ್ಮ ಬರುವುದನ್ನು ಬಿಟ್ಟಳು. ಚರ್ಚಿನ ಉಪದೇಶಿ ಬೇಲಿಯಾಚೆ ನಿಂತು ಪ್ರಾರ್ಥನೆ ಹೇಳಿ ಹೋದರು. ಶಾಲೆಯಲ್ಲಿ ನನ್ನ ಪಕ್ಕ ಯಾರೂ ಕೂರದಾದರು. ಹುಳು ಮೈ ಬೆಳ್ಳಗೆ ಬಿಗಿದು ಸುಣ್ಣಕಟ್ಟಿ ಸಾಯುತ್ತದೆಂದು ಎಲ್ಲರೂ ಹೇಳಿದ್ದರು. ಸಾಯಲಿಲ್ಲ. ಬೆಳೆ ವಿಶೇಷವಾಗಿಯೂ ಬರಲಿಲ್ಲ. ಯಾವಾಗಲೂ ಬರುವಂತೆ ಬಂತು. ಅದರಿಂದ ಊರಿನವರಿಗೆ ಎಷ್ಟು ನಿರಾಸೆಯಾಯಿತೋ ಅಮ್ಮನಿಗೂ ಅಷ್ಟೇ ಆಯಿತೆಂದು ಕಾಣುತ್ತದೆ.

ಹುಳು ಹಣ್ಣಾದ ದಿನ ಅವ್ವ ಅಕ್ಕನನ್ನು ಎತ್ತಿ ತಂದು ಹುಳುವಿನ ಮನೆಯ ಒಳಗೆ, ತಟ್ಟೆಗಳ ನಡುವೆ ಕೂರಿಸಿದಳು. ಹಣ್ಣಾದ ಹುಳುಗಳು ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಒಳಗೆ ಕಾಣುವಂತಿದ್ದವು. ಲೂರ್ದಮ್ಮ ಕೈ ಚಾಚಿದಳು. ಅವ್ವ ಒಂದು ಹುಳುವನ್ನು ಆ ಮೊಂಡು ಅಂಗೈಯ ಮೇಲೆ ಬಿಟ್ಟಳು. ಅದು ತಲೆಯನ್ನು ಆ ಕಡೆ ಈ ಕಡೆ ತೂಗುತ್ತಾ, ಅಂಗೈಯ ಗುಳಿಯಲ್ಲೇ ನೂಲು ಬಿಡಲು ಶುರುಮಾಡಿತು. ಅವಳಿಗೆ ಸ್ಪರ್ಶ ತಿಳಿಯುತ್ತಿರಲಿಲ್ಲ. ಮಂಜುಗಣ್ಣನ್ನು ಹತ್ತಿರ ತಂದು ತಂದು ನೋಡುತ್ತಿದ್ದಳು.

"ಕಟ್ತಾ ಉಂದಾ?" ಕಟ್ಟುತ್ತಿದೆಯಾ ಎಂದು ಕೇಳಿದಳು.

"ಕಟ್ತಾ ಉಂದಿ ಅಕ್ಕಾ," ಎಂದಳು ಅವ್ವ.

ಇಬ್ಬರೂ ಅಲ್ಲಾಡದೆ ಕೂತಿದ್ದರು. ಆ ಕೈಯ ಮೇಲೆ ಬಿಳಿಯ ಜೇಡರ ಬಲೆಯಂಥದು ದಟ್ಟವಾಗುತ್ತಾ ಬಂತು. ಹೆದರಿಕೆಯಲ್ಲೂ ನಾನು ಅಲ್ಲಿಂದ ಏಳಲಿಲ್ಲ. ಆ ದಿನದ ತನಕ ನಾನು ಹೆದರಿದಾಗ ಓಡುವ ಹುಡುಗಿಯಾಗಿದ್ದೆ. ನಂತರ ಹೆದರಿದಾಗ ನಿಂತು ನೋಡುವವಳಾದೆ. ಇವತ್ತಿಗೂ ಹಾಗೇ ಇದ್ದೇನೆ, ಅದರಿಂದ ಒಳ್ಳೆಯದಾಯಿತೋ ಕೆಟ್ಟದಾಯಿತೋ ಹೇಳಲಾರೆ.

ಗೂಡು ಬಿಡಿಸುವ ಮೊದಲೇ ಲೂರ್ದಮ್ಮ ತೀರಿಕೊಂಡಳು. ಅವಳ ಹೆಸರಿದ್ದ ಸಮಾಧಿಯನ್ನೇ ಅಪ್ಪ ಅಗೆದ. ಬೇರೆ ಯಾರೂ ಗುದ್ದಲಿ ಹಿಡಿಯಲಿಲ್ಲ. ಒಳಗೆ ಕೊಳೆತ ಹಲಗೆಯ ಚೂರು, ಒಂದಷ್ಟು ಕಲ್ಲು, ಮಣ್ಣು ಮೆತ್ತಿದ ಗಾಜಿನ ಬಳೆಗಳು ಸಿಕ್ಕವು. ಬಳೆಗಳು ಒಂದೂ ಒಡೆದಿರಲಿಲ್ಲ. ಅಪ್ಪ ಅವನ್ನು ಪಕ್ಕಕ್ಕಿಟ್ಟು, ತಾಯಿಯನ್ನು ಇಳಿಸಿ, ಮತ್ತೆ ಅವನ್ನು ಅವಳ ಎದೆಯ ಮೇಲಿಟ್ಟ.

ಆಶ್ರಮದವರಿಗೆ ಸುದ್ದಿ ಮುಟ್ಟಿಸಬೇಕಿತ್ತು. ಕಾಗದ ಬರೆದರೆ ಸಾಕೆಂದು ಅಪ್ಪ ಹೇಳಿದರೂ ತಾನೇ ಹೋಗುತ್ತೇನೆಂದು ಅವ್ವ ಹಟ ಹಿಡಿದಳು. ಅಮ್ಮ ಮತ್ತು ನಾನು ಜೊತೆಗೆ ಹೋದೆವು. ಚಿಂತಾಮಣಿಗೆ ಹೋಗಿ, ಅಲ್ಲಿಂದ ಆಂಧ್ರದ ಬಸ್ಸು ಹಿಡಿದು, ಇಳಿದ ಮೇಲೆ ಬಯಲಿನಲ್ಲಿ ನಡೆದೆವು. ಬೇವಿನ ಮರಗಳ ನಡುವೆ ಸಾಲು ಕೋಣೆಗಳು. ಜನ ಹೊರಗೆ ಬಂದು ಅಮ್ಮನನ್ನೂ ನನ್ನನ್ನೂ ಬಿಟ್ಟು ಅವ್ವನನ್ನೇ ನೋಡುತ್ತಾ ನಿಂತರು. ಅಕ್ಕತಂಗಿಯರು ಅಷ್ಟೊಂದು ಹೋಲುತ್ತಿದ್ದರೆಂದು ನಮಗೆ ಆಗ ಹೊಳೆಯಿತು. ನಾವು ನೋಡಿದ್ದು ರೋಗ ತಿಂದ ಮುಖವನ್ನಷ್ಟೇ. ಅವರು ಹೇಳಿದ್ದನ್ನು ಅಮ್ಮ ಬೆರಗಾಗಿ ಕೇಳಿಸಿಕೊಂಡಳು. ಲೂರ್ದಮ್ಮ ತನ್ನ ಬೆರಳುಗಳಿರುವ ತನಕ ಅಲ್ಲಿ ಎಲ್ಲರ ಹುಣ್ಣು ಕಟ್ಟಿದವಳಂತೆ. ಬೆರಳು ಹೋದ ಮೇಲೆ ಹಲ್ಲಿನಿಂದ ಬಟ್ಟೆ ಹಿಡಿದು ಕಟ್ಟುತ್ತಿದ್ದಳಂತೆ. ತಾನು ಉಣ್ಣುವ ಮೊದಲು ಕಣ್ಣಿಲ್ಲದವರಿಗೆ ತುತ್ತು ಕೊಡುತ್ತಿದ್ದಳಂತೆ. ಬೇಗ ಬರುತ್ತೇನೆಂದು ಹೇಳಿ ಹೋಗಿದ್ದಳು. ಅವಳ ಚಾಪೆಯನ್ನು ಹಾಗೇ ಬಿಟ್ಟಿದ್ದರು.

ಅವ್ವ ಹೋಗಿ ಆ ಚಾಪೆಯ ಮೇಲೆ ಕೂತಳು. ಬಸ್ಸಿನ ಹೊತ್ತಾಯಿತು.

"ಅತ್ತೆ, ಹೊರಡಣ," ಎಂದಳು ಅಮ್ಮ.

"ನೀವು ಹೊರಡ್ರಿ."

"ಅತ್ತೆ, ಇದೇನು ಮಾತು? ಮನೆ?"

"ಅವಳ ಮನೇಲಿ ಅವಳ ಜಾಗದಲ್ಲಿ ಇಷ್ಟು ವರ್ಷ ಇದ್ನಲ್ಲ. ಮನೆ ನೀನು ನೋಡ್ಕೋ."

ಅಮ್ಮ ಎಷ್ಟು ಬೇಡಿಕೊಂಡರೂ ಅವಳು ಏಳಲಿಲ್ಲ. ಬಸ್ಸಿನಲ್ಲಿ ನಾನು ಅಳುತ್ತಾ ಅಮ್ಮನ ಮಡಿಲಿಗೆ ಒರಗಿ, ರಾಣಿಯಮ್ಮನ ಕತೆ ಹೇಳು ಎಂದೆ. ಅಮ್ಮ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಆ ಕತೆಯನ್ನು ಅವಳು ಮತ್ತೆ ನನಗೆ ಹೇಳಲಿಲ್ಲ.

ಅಪ್ಪ ತಿಂಗಳಿಗೊಮ್ಮೆ ಹೋಗಿ ಕರೆದು, ಬರಿಗೈಯಲ್ಲಿ ವಾಪಸು ಬರುತ್ತಿದ್ದ. ಮುಂದಿನ ಕ್ರಿಸ್‌ಮಸ್ಸಿಗೆ ನನ್ನನ್ನೂ ಕರೆದುಕೊಂಡು ಹೋದ. ಗೇಟಿನಿಂದಲೇ ಅವ್ವ ಕಂಡಳು. ಬೇವಿನ ಮರದ ಕೆಳಗೆ ಸಾಲಾಗಿ ಕೂತವರ ಮುಂದೆ ಬಗ್ಗಿಕೊಂಡು, ನಮಗೆ ಬೆನ್ನು ಹಾಕಿ, ಯಾರದೋ ಕಾಲಿಗೆ ಬಟ್ಟೆ ಸುತ್ತುತ್ತಿದ್ದಳು. ನಾನು "ಅವ್ವಾ" ಎಂದು ಕೂಗಿದೆ. ಅವಳು ತಿರುಗಲಿಲ್ಲ. ಅಪ್ಪ "ಅಮ್ಮಾ" ಎಂದ. ತಿರುಗಲಿಲ್ಲ. ಕೇಳಿಸಲಿಲ್ಲವೇನೋ ಎಂದುಕೊಂಡು ಅಪ್ಪ, ಎಂದೂ ಹಾಗೆ ಕರೆಯದವನು, ಹೆಸರು ಹಿಡಿದು "ಆರೋಗ್ಯಮ್ಮಾ" ಎಂದು ಜೋರಾಗಿ ಕೂಗಿದ. ಸಾಲಿನಲ್ಲಿದ್ದ ಒಬ್ಬಿಬ್ಬರು ಯಾರಪ್ಪಾ ಇದು ಎಂಬಂತೆ ತಲೆ ಎತ್ತಿದರು.

ಸಾಲಿನ ತುದಿಯಲ್ಲಿ ಕಣ್ಣಿಲ್ಲದ ಮುದುಕನೊಬ್ಬ ತಟ್ಟೆ ಹಿಡಿದು ಕೂತಿದ್ದ. ಗಾಳಿಯ ಕಡೆ ಮುಖ ಮಾಡಿ ಮೆಲ್ಲಗೆ ಕರೆದ.

"ಲೂರ್ದಮ್ಮಾ..."

"ಒಸ್ತಾ ಉಂಡಾ, ಬಂದೆ," ಎಂದು ನಮ್ಮ ಅವ್ವ ಎದ್ದು ಅವನ ಕಡೆ ನಡೆದಳು.